ಮೊದಲ ಪ್ರತಿಯಲ್ಲೇ ಕನ್ನಡ ಕೂರಬೇಕು!

(ತಿರುಮಕೂಡಲು ನರಸೀಪುರದಲ್ಲಿ ಸೇರಿದ್ದ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ನಂಜನಗೂಡಿನ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಎಲೆಕ್ಟ್ರಾನಿಕ್ಸ್ ವಿಷಯ ಮಾತಾಡಲು ಒಬ್ಬ ಪ್ರೆಸ್ಸಿನವನನ್ನು ಕರೆದಿದ್ದಾರಲ್ಲ ಎಂದು ಹಿಂದಿನ ಸಾಲಿನವರು ಮುಸಿಮುಸಿ ನಗುತ್ತಿದ್ದೀರಿ. ನಗಿ, ಬೇಡ ಅನ್ನುವುದಿಲ್ಲ. ನಾನು ಓದಿದ್ದು ಪಿಯುಸಿ. ಮಾಡುವುದು ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ. ಆದರೆ ಒಂದು ಮಾತು ಕೇಳುತ್ತೇನೆ. ಎಲ್ಲ ಎಲೆಕ್ಟ್ರಾನಿಕ್ ವಸ್ತುವಿನ ಹೊಟ್ಟೆಯಲ್ಲೂ ಇರುವ ಆ ಹಸಿರು ಹಲಗೆಗೆ ಏನೆಂದು ಹೆಸರು? ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್! ಅಚ್ಚು ಹಾಕಿದ ಹಲಗೆ! ಅಂದ ಮೇಲೆ ಅದು ನಮ್ಮ ಕಸುಬಿನ ದಾಯಾದಿ. ಅದನ್ನು ಕಂಡುಹಿಡಿದ ಪಾಲ್ ಐಸ್ಲರ್ ಎಂಬಾತ ಆಸ್ಟ್ರಿಯಾ ದೇಶದ ವಿಯೆನ್ನಾದವನು. ಪತ್ರಿಕೆಯ ಮುದ್ರಣಾಲಯದಲ್ಲಿ ದುಡಿದು ಅಚ್ಚಿನ ಕೆಲಸ ಬಲ್ಲವನು. ಲಂಡನ್ನಿಗೆ ಹೋಗಿ 1936ರ ಸುಮಾರಿಗೆ, ತಂತಿಗಳನ್ನು ಒಂದೊಂದಾಗಿ ಬೆಸೆಯುವ ಬದಲು ಹಲಗೆಯ ಮೇಲೆ ತಾಮ್ರದ ಗೆರೆಗಳನ್ನೇ ಅಚ್ಚು ಮಾಡಿ ರೇಡಿಯೋ ಮಾಡಿದ.

ಇದು ಎಲ್ಲೋ ದೂರದ ಕಥೆ ಎಂದುಕೊಳ್ಳಬೇಡಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್ ಎಂಬ ಕಾರ್ಖಾನೆ ಇತ್ತು, ನಮ್ಮ ಹಿರಿಯರಿಗೆ ನೆನಪಿರಬೇಕು. ಅಲ್ಲಿ ತಯಾರಾಗುತ್ತಿದ್ದುದೂ ಇದೇ ಸರ್ಕ್ಯೂಟ್ ಬೋರ್ಡು. 1999ರಲ್ಲಿ ಅದನ್ನು ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ ಕೊಂಡಿತು. ಐಸ್ಲರನ ತಾಯ್ನಾಡಿನ ಕಂಪನಿ ನಮ್ಮ ಕಪಿಲಾ ತೀರಕ್ಕೆ ಬಂದು ಹಲಗೆ ಅಚ್ಚು ಹಾಕುತ್ತಿದೆ! ನಂಜುಂಡೇಶ್ವರನ ಊರು ಎಂದರೆ ರಸಬಾಳೆ, ಹಲ್ಲುಪುಡಿ ಎಂದಷ್ಟೇ ಹೇಳುವ ಬೆಂಗಳೂರಿನ ಮಹನೀಯರು ಇದನ್ನೂ ಸ್ವಲ್ಪ ತಿಳಿದುಕೊಳ್ಳಲಿ. ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಕೂರಿಸಿ ಕೊಡುವ ಕೇನ್ಸ್ ಕಂಪನಿ 1988ರಲ್ಲಿ ಶುರುವಾದದ್ದು ಮೈಸೂರಿನಲ್ಲಿ. ಈಗ ಕೋಚನಹಳ್ಳಿಯಲ್ಲಿ ಸರ್ಕ್ಯೂಟ್ ಬೋರ್ಡಿಗೆಂದೇ ಒಂದು ಕ್ಲಸ್ಟರ್ ಮಾಡುತ್ತೇವೆ ಎಂದು ರಾಜ್ಯ ಸರ್ಕಾರ ಹೇಳಿದೆ. ಅಂದರೆ ಈ ಉದ್ಯಮ ನಮ್ಮ ಮನೆ ಬಾಗಿಲಿಗೆ ಬಂದು ಕೂತಿದೆ. ಅದರೊಳಗೆ ನಮ್ಮ ನುಡಿಗೆ ಜಾಗ ಎಲ್ಲಿ ಎಂಬುದೇ ನನ್ನ ಇವತ್ತಿನ ಮಾತು.

ಆ ಜಾಗ ಎಲ್ಲಿ ಕಳೆದುಹೋಗುತ್ತದೆ ಎಂದು ತಿಳಿಯಬೇಕಾದರೆ, ಒಂದು ಯಂತ್ರ ಮೊದಲ ಪ್ರತಿಯಿಂದ ಸಾವಿರ ಪ್ರತಿಗೆ ಹೋಗುವ ದಾರಿ ಗೊತ್ತಿರಬೇಕು. ನಮ್ಮ ಚಳವಳಿಯವರಿಗೆ ಇದು ಗೊತ್ತಿಲ್ಲ. ಅದಕ್ಕೇ ನಾವು ಯಾವಾಗಲೂ ತಡವಾಗಿ ಕೂಗುತ್ತೇವೆ.

ನಮ್ಮ ಪ್ರೆಸ್ಸಿನಲ್ಲಿ ಹೇಗೆ? ಗಿರಾಕಿ ಬರೆದು ತಂದದ್ದನ್ನು ಡಿಟಿಪಿ ಮಾಡಿ ಒಂದು ಪ್ರೂಫ್ ತೆಗೆಯುತ್ತೇವೆ. ಆ ಒಂದು ಪ್ರತಿ ಒಂದೇ ಹಾಳೆ. ಎಷ್ಟು ತಿದ್ದಿದರೂ ಖರ್ಚು ಕಾಸು. ಗಿರಾಕಿ ಸಹಿ ಹಾಕಿದ ಮೇಲೆ ಪ್ಲೇಟ್ ಮಾಡಿಸಿ ಮೆಷಿನ್ನಿಗೆ ಕಟ್ಟುತ್ತೇವೆ. ಪ್ಲೇಟ್ ಕಟ್ಟಿ ಮೇಕ್‌ರೆಡಿ ಆದ ಮೇಲೆ, ‘ಸ್ವಾಮಿ, ಮದುಮಗಳ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿದೆ’ ಎಂದು ಓಡಿ ಬಂದರೆ? ಪ್ಲೇಟೂ ಹೋಯಿತು, ಹಾಳೆಯೂ ಹೋಯಿತು, ಜಗಳ ಮಾತ್ರ ಉಳಿಯಿತು! ಎಲೆಕ್ಟ್ರಾನಿಕ್ಸಿನಲ್ಲೂ ಇಷ್ಟೇ. ಆದರೆ ಅಲ್ಲಿನ ಪ್ಲೇಟಿನ ಬೆಲೆ ಲಕ್ಷಗಳಲ್ಲಿ.

ಬೋರ್ಡಿನ ಕೆಲಸ ನೋಡಿ. ನಾರುಗಾಜು ಮತ್ತು ಎಪಾಕ್ಸಿ ಅಂಟು ಸೇರಿಸಿ ಒತ್ತಿದ 1.6 ಮಿಲಿಮೀಟರ್ ದಪ್ಪದ ಹಲಗೆ, ಅದಕ್ಕೆ ಸಾಮಾನ್ಯವಾಗಿ 35 ಮೈಕ್ರಾನ್ ತಾಮ್ರದ ಹಾಳೆ. ತೂತು ಕೊರೆದು, ತೂತಿನ ಒಳಗೂ ತಾಮ್ರ ಹಿಡಿಸುತ್ತಾರೆ. ಬೆಳಕಿಗೆ ಗಟ್ಟಿಯಾಗುವ ಪದರ ಅಂಟಿಸಿ, ಫಿಲ್ಮಿನ ಮೂಲಕ ಬೆಳಕು ಬಿಟ್ಟು, ತೊಳೆದು, ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸುತ್ತಾರೆ. ನಮ್ಮ ತಂದೆಯವರ ಕಾಲದಲ್ಲಿ ಚಿತ್ರಗಳಿಗೆ ಬ್ಲಾಕ್ ಮಾಡಿಸುತ್ತಿದ್ದರಲ್ಲ, ಅದೇ ವಿದ್ಯೆ! ಆಮೇಲೆ ಹಸಿರು ಮಸಿ ಬಳಿದು, ಅದರ ಮೇಲೆ ಬಿಳಿ ಮಸಿಯಲ್ಲಿ ಗುರುತುಗಳ ಅಚ್ಚು. ಒಂದು ದೊಡ್ಡ ಹಲಗೆಯಲ್ಲಿ ಹತ್ತು ಹದಿನೈದು ಬೋರ್ಡು ಕೂರಿಸಿ, ಕೊನೆಗೆ ಮುರಿದುಕೊಳ್ಳಲು ಗೀರು ಹಾಕುತ್ತಾರೆ. ಬಿಲ್ ಪುಸ್ತಕಕ್ಕೆ ನಾವು ಪರ್ಫೊರೇಷನ್ ಹೊಡೆಯುವ ಹಾಗೆ.

ಬಿಡಿಭಾಗ ಕೂರಿಸುವ ಮುಂಚೆ ಬೆಸುಗೆಯ ಪೇಸ್ಟನ್ನು ತೆಳುವಾದ ಉಕ್ಕಿನ ತಗಡಿನ ತೂತುಗಳ ಮೂಲಕ ಸ್ಕ್ವೀಜಿಯಿಂದ ಎಳೆಯುತ್ತಾರೆ. ಇದಂತೂ ಅಪ್ಪಟ ಸ್ಕ್ರೀನ್ ಪ್ರಿಂಟಿಂಗ್. ಬ್ಯಾನರ್ ಎಳೆದು ಅಭ್ಯಾಸವಿರುವ ನಮ್ಮ ಹುಡುಗರನ್ನು ಅಲ್ಲಿ ನಿಲ್ಲಿಸಿದರೆ ಕೈ ತಾನಾಗಿ ಕೆಲಸ ಮಾಡುತ್ತದೆ. ನಂತರ ಯಂತ್ರ ಬಿಡಿಭಾಗಗಳನ್ನು ಹೆಕ್ಕಿ ಕೂರಿಸುತ್ತದೆ, ಒಲೆಯಲ್ಲಿ ಸುಮಾರು 240 ಡಿಗ್ರಿ ಶಾಖಕ್ಕೆ ಬೆಸುಗೆ ಕರಗಿ ಹಿಡಿಯುತ್ತದೆ.

ಇನ್ನು ಒಂದಕ್ಕೂ ಸಾವಿರಕ್ಕೂ ಇರುವ ವ್ಯತ್ಯಾಸ. ಒಂದು ಬೋರ್ಡನ್ನು ಜಾಣ ಹುಡುಗ ಮನೆಯಲ್ಲಿ ಕೂತು ಬೆಸೆದರೆ, ಕೆಟ್ಟರೆ ತಾನೇ ಸರಿಮಾಡುತ್ತಾನೆ. ಸಾವಿರದಲ್ಲಿ ಹಾಗಿಲ್ಲ. ಒಂದು ಬೋರ್ಡಿನಲ್ಲಿ 200 ಬೆಸುಗೆ ಇವೆ ಎನ್ನಿ. ಸಾವಿರ ಬೆಸುಗೆಗೆ ಒಂದೇ ಒಂದು ತಪ್ಪುತ್ತದೆ ಎನ್ನಿ. ಕೇಳಲು ಬಹಳ ಚೆನ್ನಾದ ಕೆಲಸ, ಅಲ್ಲವೇ? ಲೆಕ್ಕ ಹಾಕಿ ನೋಡಿ: ನೂರು ಬೋರ್ಡಿನಲ್ಲಿ ಸುಮಾರು ಹದಿನೆಂಟು ಬೋರ್ಡು ಕೆಟ್ಟು ಬರುತ್ತವೆ! ಅದಕ್ಕೇ ಎಲ್ಲ ಬೋರ್ಡನ್ನೂ ಪರೀಕ್ಷೆ ಮಾಡುವ ಒಂದು ಚೌಕಟ್ಟು ಬೇರೆ ಮಾಡಿಸಬೇಕು. ನೂರು ಇನ್ನೂರರ ಒಂದು ಸಣ್ಣ ಓಟ ಓಡಿಸಿ ಆಮೇಲೆ ದೊಡ್ಡ ಓಟ. ಒಂದು ಪ್ರತಿಗೆ ಮೊಹರು ಹಾಕಿ ‘ಇದರ ಹಾಗೇ ಇರಬೇಕು’ ಎಂದು ಬೀರುವಿನಲ್ಲಿ ಇಡುತ್ತಾರೆ, ನಮ್ಮ ಸಹಿ ಹಾಕಿದ ಪ್ರೂಫಿನ ಹಾಗೆ. ಡಬ್ಬಿಯ ಪ್ಲಾಸ್ಟಿಕ್ ಅಚ್ಚಿಗೆ ಉಕ್ಕು ಕಡೆಯಿಸಬೇಕು. ಬಿಡಿಭಾಗ ಸಿಗಬೇಕು: 2020ರಿಂದ 2022ರವರೆಗೆ ಚಿಪ್ಪಿನ ಬರ ಬಂದಾಗ, ಒಂದು ಚಿಪ್ಪು ಇಲ್ಲವೆಂದು ಕಾರು ಕಾರ್ಖಾನೆಗಳೇ ನಿಂತಿದ್ದನ್ನು ನೋಡಿದ್ದೇವೆ.

ಈಗ ವಿಷಯಕ್ಕೆ ಬರುತ್ತೇನೆ. ಮೂಗೂರು ಕಡೆಯ ಒಬ್ಬ ಡಿಪ್ಲೊಮಾ ಹುಡುಗ ಡಬ್ಬಿಗೆ ಅಂಟಿಸುವ ಸ್ಟಿಕ್ಕರ್ ಮಾಡಿಸಲು ನನ್ನ ಪ್ರೆಸ್ಸಿಗೆ ಬಂದಿದ್ದ. ಹೆಸರು ಹೇಳುವುದಿಲ್ಲ, ಅವನಿಗೆ ಸಂಕೋಚ. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಸೇರಿಸುವ ಸಾಧನ ಮಾಡಿದ್ದ. ತ್ರೀ ಫೇಸ್ ಕರೆಂಟು ಬರುವುದು ನಡುರಾತ್ರಿ. ರೈತ ಟಾರ್ಚು ಹಿಡಿದು ಹಾವು ಚೇಳಿನ ನಡುವೆ ಗದ್ದೆಗೆ ಹೋಗಬೇಕು. ಇವನ ಸಾಧನ ಇದ್ದರೆ ಮನೆಯಿಂದ ಫೋನ್ ಮಾಡಿದರೆ ಮೋಟಾರು ಓಡುತ್ತದೆ, ಒಂದು ಫೇಸ್ ಹೋದರೆ ನಿಲ್ಲುತ್ತದೆ, ಬಾವಿಯಲ್ಲಿ ನೀರಿಲ್ಲದಿದ್ದರೂ ನಿಲ್ಲುತ್ತದೆ. ಐದು ಮಾಡಿ ನೆಂಟರ ಗದ್ದೆಗೆ ಹಾಕಿದ್ದ. ಓಡಿದವು. ಐನೂರು ಮಾಡಬೇಕೆಂದು ಹೊರಟ.

ಸ್ಟಿಕ್ಕರು ನೋಡಿದೆ. ಎಲ್ಲ ಇಂಗ್ಲಿಷ್! ‘ಏನಪ್ಪಾ, ಇದನ್ನು ಒತ್ತುವವನು ನಿಮ್ಮ ಊರಿನ ರೈತ ತಾನೇ?’ ಎಂದೆ. ‘ಅಣ್ಣಾ, ಸ್ಟಿಕ್ಕರು ಕನ್ನಡದಲ್ಲೇ ಮಾಡಿಕೊಡಿ. ಒಳಗಿನ ಪರದೆಯದೇ ಕಷ್ಟ’ ಅಂದ. ಅವನು ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ, ಗಮನ ಇಟ್ಟು ಕೇಳಿ. ನಮ್ಮ ಹೋರಾಟದ ಗಂಟು ಇಲ್ಲಿದೆ.

ಸಣ್ಣ ಸಾಧನಗಳಿಗೆಲ್ಲ ಹಾಕುವ ಅಗ್ಗದ ಪರದೆಯೊಂದಿದೆ. ಸಾಲಿಗೆ 16 ಅಕ್ಷರ, ಎರಡು ಸಾಲು. ಒಂದೊಂದು ಅಕ್ಷರಕ್ಕೂ ಒಂದು ಮನೆ. ಮನೆಯ ಅಗಲ 5 ಚುಕ್ಕಿ, ಎತ್ತರ 8 ಚುಕ್ಕಿ. ಇಂಗ್ಲಿಷ್ ಅಕ್ಷರಗಳು ಅದರ ಚಿಪ್ಪಿನಲ್ಲೇ ಹುಟ್ಟಿನಿಂದ ಇರುತ್ತವೆ. ನಮಗೆ ಬೇಕಾದ ಅಕ್ಷರ ಬರೆದುಕೊಳ್ಳಲು ಕೊಟ್ಟಿರುವ ಜಾಗ ಎಂಟೇ ಎಂಟು! ಸ್ವರ, ವ್ಯಂಜನ, ಗುಣಿತ, ಒತ್ತಕ್ಷರ ಇರುವ ಭಾಷೆಗೆ ಎಂಟು ಮನೆ! ‘ಸ್ತ್ರೀ’ ಎಂದು ಬರೆಯಲು ತಲೆಯ ಮೇಲೆ ಜಾಗ ಬೇಕು, ಕಾಲ ಕೆಳಗೆ ಎರಡು ಒತ್ತಿಗೆ ಜಾಗ ಬೇಕು. ಎಂಟು ಚುಕ್ಕಿ ಎತ್ತರದಲ್ಲಿ ಅದನ್ನು ಹೇಗೆ ತುರುಕುತ್ತೀರಿ? ಮೊಳೆ ಜೋಡಿಸಿದ ಕೈಯವರಿಗೆ ಹೇಳಬೇಕಾಗಿಲ್ಲ. ಕನ್ನಡದ ಕೇಸಿಗೂ ಇಂಗ್ಲಿಷ್ ಕೇಸಿಗೂ ಎಷ್ಟು ಖಾನೆ ವ್ಯತ್ಯಾಸ ಎಂದು ಅವರು ಬೆರಳಿನಲ್ಲೇ ಬಲ್ಲರು.

ಹಾಗಾದರೆ ಕನ್ನಡ ಬರುವುದೇ ಇಲ್ಲವೇ? ಧಾರಾಳವಾಗಿ ಬರುತ್ತದೆ! ಅಡ್ಡ 128, ಉದ್ದ 64 ಚುಕ್ಕಿ ಇರುವ ಇನ್ನೊಂದು ಬಗೆಯ ಪರದೆ ಇದೆ. ಅದರಲ್ಲಿ ಯಾವ ಚುಕ್ಕಿ ಬೇಕಾದರೂ ಹಚ್ಚಬಹುದು, ಆರಿಸಬಹುದು. ‘ಮೋಟಾರು ನಿಂತಿದೆ’, ‘ನೀರಿಲ್ಲ’, ‘ಒಂದು ಫೇಸ್ ಇಲ್ಲ’ ಎಂದು ಚಂದವಾಗಿ ಕಾಣಿಸಬಹುದು. ಬೆಲೆ ಸ್ವಲ್ಪ ಹೆಚ್ಚು, ಒಳಗಿನ ಚಿಪ್ಪಿಗೆ ನೆನಪಿನ ಜಾಗ ಸ್ವಲ್ಪ ಹೆಚ್ಚು ಬೇಕು, ಅಷ್ಟೆ. ಆದರೆ ಈ ಪರದೆಯ ಕಾಲುಗಳು ಬೇರೆ, ಅಳತೆ ಬೇರೆ. ಬೋರ್ಡಿನ ಗೆರೆ ಬದಲಾಗಬೇಕು, ಡಬ್ಬಿಯ ಕಿಟಕಿ ಬದಲಾಗಬೇಕು. ಮೊದಲ ಪ್ರತಿಯಲ್ಲಿ ಇದನ್ನು ಬದಲಿಸಲು ಒಂದು ವಾರ ಸಾಕು. ಉಕ್ಕಿನ ಅಚ್ಚು ಕಡೆದಾದ ಮೇಲೆ, ಬೋರ್ಡು ಐನೂರು ಬಂದ ಮೇಲೆ, ಪರೀಕ್ಷೆಯ ಚೌಕಟ್ಟು ಸಿದ್ಧವಾದ ಮೇಲೆ ಯಾರು ಬದಲಿಸುತ್ತಾರೆ? ಯಾರೂ ಇಲ್ಲ! ಆಗ ಹೊರಗಡೆ ನಿಂತು ನಾವು ಧಿಕ್ಕಾರ ಕೂಗುತ್ತೇವೆ. ಕಂಪನಿಯವರು ‘ತಾಂತ್ರಿಕ ತೊಂದರೆ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆ ತೊಂದರೆಯನ್ನು ಆರಂಭದಲ್ಲಿ ಅವರೇ ಹೆತ್ತದ್ದು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆ ಹುಡುಗ ಪುಣ್ಯಾತ್ಮ, ಅಚ್ಚು ಕಡೆಯಿಸುವ ಮುಂಚೆ ನಿಂತ. ದೊಡ್ಡ ಪರದೆಗೆ ಬೋರ್ಡು ತಿದ್ದಿದ. ಐನೂರರ ಬದಲು ಮೊದಲು ಐವತ್ತು ಮಾಡಿ ಹಂಚಿದ. ಆಗ ಗೊತ್ತಾಯಿತು, ಸ್ಟಾರ್ಟರ್ ಡಬ್ಬಿಯೊಳಗೆ ಹಲ್ಲಿ ಹೋಗಿ ಬೋರ್ಡು ಸುಡುತ್ತದೆ ಎಂದು! ಇರುವೆ ಗೂಡು ಕಟ್ಟುತ್ತದೆ, ಬೆಳಗಿನ ಮಂಜಿಗೆ ಬೋರ್ಡು ಬೆವರುತ್ತದೆ, ವೋಲ್ಟೇಜು ಬಿದ್ದಾಗ ರಿಲೇ ಕಟಕಟ ಎನ್ನುತ್ತದೆ. ಬೋರ್ಡಿಗೆ ಲೇಪ ಹಾಕಿಸಿದ, ತಂತಿ ಹೋಗುವ ತೂತಿಗೆಲ್ಲ ರಬ್ಬರು ಹಾಕಿದ. ಇದು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಇಲ್ಲ. ನಮ್ಮ ರೈತ ಕನ್ನಡದಲ್ಲಿ ಹೇಳಿದ್ದು, ಕನ್ನಡ ಬಲ್ಲವನಾದ್ದರಿಂದ ಇವನಿಗೆ ಕೇಳಿಸಿತು.

ಅವನ ಸಾಧನ ಫೋನಿಗೆ ಸಂದೇಶ ಕಳಿಸುತ್ತದೆ. ಅಲ್ಲೂ ಒಂದು ಮೋಸ ನೋಡಿ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್ಸಿಗೆ 160 ಅಕ್ಷರ. ಕನ್ನಡದಲ್ಲಿ ಕಳಿಸಿದರೆ 70! ಅದರಲ್ಲೂ ಒತ್ತು, ಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ. ಅದಕ್ಕೆ ಅವನು ಸಂದೇಶಗಳನ್ನು ಚಿಕ್ಕದು ಮಾಡಿದ. ‘ನಿಮ್ಮ ಮೋಟಾರನ್ನು ಸ್ಥಗಿತಗೊಳಿಸಲಾಗಿದೆ’ ಎನ್ನುವ ಕಡೆ ‘ಮೋಟಾರು ನಿಂತಿದೆ’. ಸರ್ಕಾರಿ ಕನ್ನಡಕ್ಕಿಂತ ಇದೇ ಒಳ್ಳೆಯ ಕನ್ನಡ, ಏನಂತೀರಿ?

ಫೋನಿನ ಮಾತು ಬಂತು. 2016ರಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಮಾಡಿತು. ಭಾರತದಲ್ಲಿ ಮಾರುವ ಮೊಬೈಲ್ ಫೋನಿನಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನೂ ಓದಲು ಬರಬೇಕು. ಬಹಳ ಸಂತೋಷ. ಆದರೆ ಬರೆಯಲು? ಇಂಗ್ಲಿಷ್ ಕಡ್ಡಾಯ, ಹಿಂದಿ ಕಡ್ಡಾಯ, ಜೊತೆಗೆ ಇನ್ಯಾವುದಾದರೂ ಒಂದು! ಆ ‘ಇನ್ಯಾವುದಾದರೂ ಒಂದು’ ಎಂಬ ಮೂಲೆಯಲ್ಲಿ ಕನ್ನಡ, ತಮಿಳು, ಬಂಗಾಳಿ, ಮರಾಠಿ ಎಲ್ಲ ಸೇರಿ ಕಿತ್ತಾಡಬೇಕು. ಓದುವ ಹಕ್ಕು ಎಲ್ಲರಿಗೂ, ಬರೆಯುವ ಹಕ್ಕು ಹಿಂದಿಗೆ! ಇದು ರೈಲ್ವೆ ಬೋರ್ಡಿನ ಮೇಲಿನ ಹಿಂದಿಯಲ್ಲ, ಮಸಿ ಬಳಿದರೆ ಹೋಗುವುದಿಲ್ಲ. ಚಿಪ್ಪಿನೊಳಗೆ ಕೂತ ಹಿಂದಿ ಇದು. ಆದರೂ ಒಂದು ಪಾಠ ಇದೆ: ನಿಯಮ ಮಾಡಿದರೆ ಕಂಪನಿಗಳು ಮಾಡುತ್ತವೆ.

ನಮ್ಮವರು ಪ್ರಯತ್ನ ಮಾಡಲಿಲ್ಲವೇ? ಮಾಡಿದರು. ಸಿಂಪ್ಯೂಟರ್ ಹೆಸರು ಇಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿ. ನಾಲ್ಕೇ ಜನ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಇವರೂ ಎನ್‌ಕೋರ್ ಕಂಪನಿಯವರೂ ಸೇರಿ 1999ರಲ್ಲಿ ಒಂದು ಟ್ರಸ್ಟ್ ಮಾಡಿ ರೂಪಿಸಿದ ಅಂಗೈ ಕಂಪ್ಯೂಟರು ಅದು. ಓದು ಬರಹ ಬಾರದ ಹಳ್ಳಿಯವನೂ ಬಳಸಬೇಕು, ದೇಶಭಾಷೆಯಲ್ಲಿ ಅದು ಓದಿ ಹೇಳಬೇಕು ಎಂಬುದು ಗುರಿ. 2001ರಲ್ಲಿ ಮಾದರಿ ತೋರಿಸಿದಾಗ ಅಮೆರಿಕದ ಪತ್ರಿಕೆಗಳೇ ಕೊಂಡಾಡಿದವು. ಐಫೋನು ಹುಟ್ಟಿದ್ದು 2007ರಲ್ಲಿ, ನೆನಪಿರಲಿ! ನಮ್ಮ ಕರ್ನಾಟಕದ ಭೂಮಿ ಯೋಜನೆಯಲ್ಲೂ ಅದನ್ನು ಬಳಸಿದರು.

ಆದರೆ ಮಾದರಿಯಿಂದ ಮಾರುಕಟ್ಟೆಗೆ ಬರಲು 2004 ಆಯಿತು. ಬೆಂಗಳೂರಿನ ಬಿಇಎಲ್ ತಯಾರಿಸಿತು, ಅಮಿಡಾ ಎಂಬ ಹೆಸರು, ಬೆಲೆ ಸುಮಾರು ಹತ್ತು ಸಾವಿರ ರೂಪಾಯಿಯಿಂದ ಶುರು. ಐವತ್ತು ಸಾವಿರ ಮಾರುವ ಆಸೆ ಇತ್ತು. ಮಾರಿದ್ದು ಕೆಲವೇ ಸಾವಿರ. ಕಾರಣ? ನನ್ನ ಕಸುಬಿನ ಲೆಕ್ಕದಲ್ಲಿ ಹೇಳುತ್ತೇನೆ. ಹತ್ತು ಸಾವಿರ ಪ್ರತಿ ಹಾಕಿದರೆ ಒಂದು ಪುಸ್ತಕ ಅಗ್ಗ, ಐನೂರು ಹಾಕಿದರೆ ದುಬಾರಿ. ಪುಸ್ತಕ ದುಬಾರಿ ಎಂದು ಯಾರೂ ಕೊಳ್ಳುವುದಿಲ್ಲ, ಕೊಳ್ಳುವುದಿಲ್ಲ ಎಂದು ಪ್ರಕಾಶಕ ಹತ್ತು ಸಾವಿರ ಹಾಕುವುದಿಲ್ಲ. ಈ ಕೊಂಡಿ ಮುರಿಯಬಲ್ಲವನು ಒಬ್ಬನೇ, ಒಂದೇ ಸಲಕ್ಕೆ ಲಕ್ಷ ಪ್ರತಿ ಕೊಳ್ಳುವವನು. ಅವನು ಸರ್ಕಾರ. ಶಾಲೆಗೆ, ಪಂಚಾಯ್ತಿಗೆ, ಗ್ರಾಮ ಲೆಕ್ಕಿಗರಿಗೆ ಅಂದು ಲಕ್ಷಗಟ್ಟಲೆ ಕೊಂಡಿದ್ದರೆ ಕಥೆಯೇ ಬೇರೆ. ಕೊಳ್ಳಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಮನೆ ಮನೆಗೆ ಬಂತು, ಸಿಂಪ್ಯೂಟರು ಮೂಲೆ ಸೇರಿತು. ಭಾಷೆಗಾಗಿ ಹುಟ್ಟಿದ ಯಂತ್ರ ಸತ್ತಾಗ ನಮ್ಮ ಯಾವ ಸಂಘಟನೆಯೂ ಒಂದು ಕರಪತ್ರ ಹಾಕಲಿಲ್ಲ. ಹಾಕಿದ್ದರೆ ನನಗೆ ಗೊತ್ತಾಗುತ್ತಿತ್ತು!

ಸರ್ಕಾರ ಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಬಿಇಎಲ್ಲಿನ ಇನ್ನೊಂದು ಯಂತ್ರ ಸಾಕ್ಷಿ. ಮತಯಂತ್ರ. 1982ರಲ್ಲಿ ಕೇರಳದ ಪರವೂರಿನಲ್ಲಿ 50 ಮತಗಟ್ಟೆಯಲ್ಲಿ ಮೊದಲು ಬಳಸಿದರು. ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟು 1984ರಲ್ಲಿ ಹೇಳಿತು. 1988ರಲ್ಲಿ ಕಾನೂನು ತಿದ್ದಿದರು. 2004ರಲ್ಲಿ ಲೋಕಸಭೆಯ 543 ಕ್ಷೇತ್ರಕ್ಕೂ ಬಂತು. 22 ವರ್ಷ ಹಿಡಿಯಿತು, ಆದರೆ ಬಂತು, ಏಕೆಂದರೆ ಕೊಳ್ಳುವವರು ಇದ್ದರು. ನನಗೆ ಅದರಲ್ಲಿ ಮೆಚ್ಚುಗೆಯಾದದ್ದು ಬೇರೆ. ಅಭ್ಯರ್ಥಿಗಳ ಹೆಸರು ಇರುವುದು ಯಾವ ಪರದೆಯ ಮೇಲೂ ಅಲ್ಲ, ಗುಂಡಿಗಳ ಪಕ್ಕ ಕೂರಿಸುವ ಕಾಗದದ ಮೇಲೆ! ಒಂದು ಪೆಟ್ಟಿಗೆಗೆ 16 ಹೆಸರು. ಕಾಗದದ ಮೇಲೆ ಇಲ್ಲಿ ಕನ್ನಡ, ಅಲ್ಲಿ ಮಲಯಾಳ. ಭಾಷೆಯ ವಿಚಾರವನ್ನು ಮೊದಲ ಪ್ರತಿಯಲ್ಲೇ ಯೋಚಿಸಿ ಅಚ್ಚಿನವನ ಕೈಗೆ ಕೊಟ್ಟರು. ಅದಕ್ಕೇ ಒಂದೇ ಯಂತ್ರ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಡೆಯುತ್ತದೆ.

ನಮ್ಮ ರಾಜ್ಯದ ಕಾನೂನು ನೋಡಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ಇಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶವನ್ನೂ ಮಾಡಿತು. ನನಗೆ ಸ್ಟಿಕ್ಕರಿನ ಕೆಲಸ ಹೆಚ್ಚುತ್ತದೆ, ನಾನೇಕೆ ಬೇಡ ಅನ್ನಲಿ? ಆದರೆ ಡಬ್ಬಿಯ ಮೇಲೆ ಕನ್ನಡ, ಡಬ್ಬಿಯೊಳಗೆ ಇಂಗ್ಲಿಷ್ ಎಂದರೆ ಅದು ಬಾಗಿಲಿಗೆ ತೋರಣ ಕಟ್ಟಿ ಒಳಗೆ ಬೀಗ ಹಾಕಿದ ಹಾಗೆ. ಪರದೆಯ ಮಾತು ಆ ಆದೇಶದ ವ್ಯಾಪ್ತಿಗೆ ಬರಬೇಕು. ವಿದ್ಯುತ್ ಮೀಟರು, ಪಡಿತರ ಅಂಗಡಿಯ ಯಂತ್ರ, ಹಾಲಿನ ಡೇರಿಯ ಕೊಬ್ಬು ಅಳೆಯುವ ಯಂತ್ರ, ಪಂಪಿನ ಸ್ಟಾರ್ಟರು, ಇವುಗಳನ್ನು ಸರ್ಕಾರದ ದುಡ್ಡಿನಲ್ಲೋ ಸಹಾಯಧನದಲ್ಲೋ ಕೊಳ್ಳುವಾಗ ಟೆಂಡರಿನ ಷರತ್ತಿನಲ್ಲೇ ಬರೆಯಲಿ: ಪರದೆಯ ಮೇಲೆ ಕನ್ನಡ ಮೂಡಬೇಕು, ಮಾದರಿ ತಂದು ತೋರಿಸಬೇಕು, ಆಮೇಲೆ ಕೊಳ್ಳುತ್ತೇವೆ. ಟೆಂಡರ್ ಮುಗಿದ ಮೇಲೆ ಮನವಿ ಕೊಡುವುದನ್ನು ನಾವು ಬಿಡಬೇಕು. ಟೆಂಡರ್ ಕರಡು ಬಂದ ದಿನವೇ ಹೋಗಿ ಕೂರಬೇಕು.

ಕೆಲಸದ ವಿಷಯ ಬೇಗ ಮುಗಿಸುತ್ತೇನೆ, ಹಿಂದೆ ಮಾತಾಡಿದವರು ಹೇಳಿದ್ದಾರೆ. 1986ರ ಸರೋಜಿನಿ ಮಹಿಷಿ ವರದಿಯಿಂದ ನಾವು ಕೇಳುತ್ತಾ ಬಂದಿದ್ದೇವೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿತು, ಆಡಳಿತ ಹುದ್ದೆಗೆ 50, ಉಳಿದದ್ದಕ್ಕೆ 70 ಶೇಕಡ. ಉದ್ಯಮಿಗಳು ಗುಡುಗಿದರು, ಎರಡೇ ದಿನದಲ್ಲಿ ಬದಿಗಿಟ್ಟರು. ಹೋರಾಟ ಬಿಡಬಾರದು. ಆದರೆ ನಾನು ಸೇರಿಸುವ ಮಾತು ಇಷ್ಟು. ನಮ್ಮ ತಾಲ್ಲೂಕಿನ ಹೆಣ್ಣುಮಕ್ಕಳು ಲೈನಿನಲ್ಲಿ ನಿಂತು ಬೋರ್ಡು ಪರೀಕ್ಷೆ ಮಾಡಬಲ್ಲರು, ಮಾಡಲಿ. ಆದರೆ ಆ ಬೋರ್ಡಿಗೆ ಯಾವ ಪರದೆ ಎಂದು ತೀರ್ಮಾನಿಸುವ ಮೇಜು ಎಲ್ಲಿದೆ? ಆ ಮೇಜಿನ ಮುಂದೆ ಕನ್ನಡದ ಒಂದು ಕುರ್ಚಿ ಇಲ್ಲದಿದ್ದರೆ, ಲೈನಿನಲ್ಲಿ ನೂರಕ್ಕೆ ನೂರು ನಮ್ಮವರೇ ನಿಂತರೂ ಅವರ ಕೈಯಿಂದಲೇ ಇಂಗ್ಲಿಷ್ ಯಂತ್ರ ಹೊರಬರುತ್ತದೆ. ಪಾಲಿಟೆಕ್ನಿಕ್ಕಿನ ಮಕ್ಕಳ ಪ್ರಾಜೆಕ್ಟಿಗೆ ಒಂದು ನಿಯಮ ಹಾಕಲಿ: ಮಾಡಿದ ಸಾಧನ ಕನ್ನಡದಲ್ಲಿ ಮಾತಾಡಲೇಬೇಕು. ಅಕ್ಷರ ಇಲ್ಲ ಎನ್ನುವ ಕಾಲ ಹೋಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ಇದೆ, ಕನ್ನಡ ಗಣಕ ಪರಿಷತ್ತಿನ ನುಡಿ ಇದೆ, 1991ರ ಮೊದಲ ಯೂನಿಕೋಡಿನಿಂದಲೇ ಕನ್ನಡಕ್ಕೆ ಜಾಗ ಇದೆ.

ಕಾರ್ಖಾನೆಗಳಿಗೂ ಒಂದು ಕೋರಿಕೆ. ಲೈನಿನಲ್ಲಿ ತೂಗುಹಾಕುವ ಕೆಲಸದ ಸೂಚನೆಯ ಹಾಳೆ ಕನ್ನಡದಲ್ಲಿರಲಿ. ಇದು ಅಭಿಮಾನಕ್ಕೆ ಮಾತ್ರ ಹೇಳುತ್ತಿಲ್ಲ. ಯಾವ ಬಿಡಿಭಾಗ ಯಾವ ಕಡೆಗೆ ಮುಖ ಮಾಡಬೇಕು ಎಂದು ಅರ್ಥವಾಗದೆ ಕೂರಿಸಿದರೆ ಬೋರ್ಡೇ ಹೋಗುತ್ತದೆ. ನಷ್ಟ ಅವರಿಗೇ.

ಆ ಮೇಜಿನ ಮೇಲೆ ಎರಡು ಪರದೆ ಇಟ್ಟಿದ್ದೇನೆ, ಹುಡುಗ ಕೊಟ್ಟು ಕಳಿಸಿದ್ದು. ಒಂದು ಐದು ಚುಕ್ಕಿಯದು, ಇನ್ನೊಂದು ಕನ್ನಡದ್ದು. ಪಕ್ಕದಲ್ಲಿ ಒಂದು ಫಿಲ್ಮು, ತಾಮ್ರದ ಹಲಗೆ, ನಮ್ಮ ಪ್ರೆಸ್ಸಿನ ಹಳೆಯ ಬ್ಲಾಕು ಇವೆ. ಊಟಕ್ಕೆ ಏಳುವ ಮುಂಚೆ ಮುಟ್ಟಿ ನೋಡಿ. ಟೆಂಡರಿಗೆ ಸೇರಿಸಬೇಕಾದ ಷರತ್ತಿನ ಕರಡು ಅಚ್ಚು ಮಾಡಿಸಿ ತಂದಿದ್ದೇನೆ, ಇನ್ನೂರು ಪ್ರತಿ. ಪ್ರೂಫ್ ಎಂದೇ ತಿಳಿದು ಪೆನ್ನು ಹಿಡಿದು ತಿದ್ದಿ ಕೊಡಿ. ಇನ್ನೂ ಪ್ಲೇಟ್ ಮಾಡಿಸಿಲ್ಲ.

ಜೈ ಕರ್ನಾಟಕ!